ಓದುಗರ ಪ್ರಶ್ನೆ, ನಮ್ಮ ಉತ್ತರ: ಹಿಮದ ನಾಡಿನ ಕಾಡು ಕೆಲಸ

ಸ್ವೀಡನ್ ಮತ್ತು ಫಿನ್ಲೆಂಡ್‌ನ ಕಾಡು ಕೆಲಸಗಾರರ ಬಗ್ಗೆ ಹೋದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ಓದುಗರಿಂದ ಸಾಕಷ್ಟು ಪ್ರಶ್ನೆಗಳು ಬಂದಿವೆ. ಹೆಚ್ಚಿನವರು ಮರ ಕಡಿಯುವುದರ ಬಗ್ಗೆಯೇ ಕೇಳಿದ್ದೀರಿ. ಆದರೆ ಅಲ್ಲಿನ ಕಾಡಿನ ಚರಿತ್ರೆಯನ್ನೆಲ್ಲ ನಡೆಸಿದ್ದು ಸಾಗಾಟ. ಕಡಿದ ಮರವನ್ನು ನೂರಾರು ಕಿಲೋಮೀಟರ್ ದೂರದ ಸಮುದ್ರಕ್ಕೆ ಮುಟ್ಟಿಸುವುದು ಹೇಗೆ ಎಂಬ ಒಂದೇ ಕಷ್ಟದ ಸುತ್ತ ಅಲ್ಲಿನ ಜನರ ಇಡೀ ವರ್ಷ ಸುತ್ತುತ್ತಿತ್ತು. ಕೆಳಗಿನ ಉತ್ತರಗಳಲ್ಲಿ ಅದೇ ಮತ್ತೆ ಮತ್ತೆ ಬಂದರೆ ಅದಕ್ಕೆ ಕಾರಣ ಇದು.

ಮೈನಸ್ 30 ಡಿಗ್ರಿ ಚಳಿಯಲ್ಲಿ ಮರ ಕಡಿಯುತ್ತಿದ್ದರು ಎಂದು ಬರೆದಿದ್ದೀರಿ. ಬೇಸಿಗೆಯಲ್ಲಿ ಕಡಿದರೆ ಏನಾಗುತ್ತಿತ್ತು? (ಓದುಗರು, ಶಿರಸಿ)

ಕಡಿಯಬಹುದಿತ್ತು, ಆದರೆ ಕಡಿದದ್ದು ಅಲ್ಲೇ ಬಿದ್ದಿರುತ್ತಿತ್ತು. ಉತ್ತರದ ಕಾಡಿನ ನೆಲದಲ್ಲಿ ಬಹಳಷ್ಟು ಕಡೆ ಜೌಗು. ಬೇಸಿಗೆಯಲ್ಲಿ ಕುದುರೆ ಹೊಟ್ಟೆಮಟ್ಟ ಹೂತುಹೋಗುತ್ತದೆ. ಡಿಸೆಂಬರ್ ಹೊತ್ತಿಗೆ ಜೌಗು ಹೆಪ್ಪುಗಟ್ಟಿ, ಸರೋವರಗಳ ಮೇಲೆ ಮಂಜುಗಡ್ಡೆ ಕೂತು, ಅದರ ಮೇಲೆ ಹಿಮ ಬಿದ್ದರೆ ಕಾಡೆಲ್ಲ ರಸ್ತೆಯಾಗುತ್ತದೆ. ಚಕ್ರದ ಗಾಡಿಯಲ್ಲಿ ಎಳೆಯಲಾಗದ ಭಾರವನ್ನು ಅದೇ ಕುದುರೆ ಜಾರುಬಂಡಿಯಲ್ಲಿ ಎಳೆಯುತ್ತದೆ. ಇನ್ನೊಂದು ಕಾರಣವೂ ಇದೆ. ಈ ಕೆಲಸಗಾರರಲ್ಲಿ ಹೆಚ್ಚಿನವರು ನಾಲ್ಕಾರು ಹಸು, ಒಂದಿಷ್ಟು ಬಾರ್ಲಿ ಹೊಲ ಇದ್ದ ಸಣ್ಣ ರೈತರು. ಹೊಲದ ಕೆಲಸ ಇಲ್ಲದ ತಿಂಗಳುಗಳಲ್ಲಷ್ಟೇ ಅವರಿಗೂ ಅವರ ಕುದುರೆಗಳಿಗೂ ಬಿಡುವು.

ದಾರಿ ಕಟ್ಟುವುದು ಒಂದು ವಿದ್ಯೆ. ಮೊದಲು ಹಿಮವನ್ನು ತುಳಿದು, ಬರಿಯ ಬಂಡಿ ಓಡಿಸಿ ಗಟ್ಟಿ ಮಾಡುತ್ತಿದ್ದರು. ಭಾರ ಹೆಚ್ಚು ಹೋಗುವ ಮುಖ್ಯ ದಾರಿಯಾದರೆ ರಾತ್ರಿ ನೀರಿನ ಪೆಟ್ಟಿಗೆ ಹೊತ್ತ ಬಂಡಿಯಿಂದ ಬಂಡಿಜಾಡಿನ ಮೇಲೆ ನೀರು ಬಿಡುತ್ತಿದ್ದರು. ಬೆಳಗಾಗುವುದರೊಳಗೆ ಎರಡು ಮಂಜುಗಡ್ಡೆಯ ಹಳಿ ಸಿದ್ಧ. ಸಮತಟ್ಟಾದ ಜಾಗದಲ್ಲಿ ಮಾಮೂಲಿ ಹಿಮದ ದಾರಿಗಿಂತ ಹಲವು ಪಟ್ಟು ಹೊರೆ ಇದರ ಮೇಲೆ ಹೋಗುತ್ತಿತ್ತು. ನಿಂತ ಬಂಡಿಯ ಜಾರುಪಟ್ಟಿ ಕೆಲವೇ ನಿಮಿಷದಲ್ಲಿ ಹಿಮಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೇ ನಿಲ್ಲಿಸುವ ಕಡೆ ಅಡಿಯಲ್ಲಿ ಅಡ್ಡ ಕೋಲು ಇಡಬೇಕು. ಇಳಿಜಾರೇ ಎಲ್ಲಕ್ಕಿಂತ ಅಪಾಯ. ಅಲ್ಲಿ ದಾರಿಗೆ ಹುಲ್ಲು, ಮರಳು, ಸ್ಪ್ರೂಸ್ ಎಂಬ ಸೂಜಿಯೆಲೆ ಮರದ ಸೊಪ್ಪು ಚೆಲ್ಲಿ, ಹಿಂದಿನ ಜಾರುಪಟ್ಟಿಗೆ ಸರಪಳಿ ಸುತ್ತಿ ವೇಗ ಕಡಿಮೆ ಮಾಡುತ್ತಿದ್ದರು. ರಾತ್ರಿ ಬಿದ್ದ ಹೊಸ ಹಿಮ ಆ ಹುಲ್ಲನ್ನು ಮುಚ್ಚಿಬಿಟ್ಟರೆ, ಅಥವಾ ಹುಲ್ಲು ಚೆಲ್ಲುವವನು ತಡವಾಗಿ ಬಂದರೆ, ಹೊರೆಯೇ ಕುದುರೆಯನ್ನು ಹಿಂದಿನಿಂದ ಅಟ್ಟಿಕೊಂಡು ಬರುತ್ತದೆ. ಕುದುರೆಯೂ ಅದರ ಮಾಲೀಕನೂ ಸತ್ತದ್ದು ಹೆಚ್ಚಾಗಿ ಇಂಥ ಇಳಿಜಾರುಗಳಲ್ಲೇ.

ಉತ್ತರ ಸ್ವೀಡನ್‌ನಲ್ಲಿ, ಅಂದರೆ ನೊರ್‌ಲಾಂಡ್‌ನಲ್ಲಿ, ಕೆಲಸದ ಏರ್ಪಾಡು ಹೀಗಿತ್ತು: ಕುದುರೆ ಇದ್ದವನು ಕಂಪನಿಯಿಂದ ಗುತ್ತಿಗೆ ಹಿಡಿಯುತ್ತಿದ್ದ. ಅವನು ತನ್ನ ಲೆಕ್ಕದಲ್ಲಿ ಇಬ್ಬರೋ ಮೂವರೋ ಕಡಿಯುವವರನ್ನು ಇಟ್ಟುಕೊಳ್ಳುತ್ತಿದ್ದ. ಕೂಲಿ ದಿನಕ್ಕಲ್ಲ, ದಿಮ್ಮಿಯ ಅಳತೆಗೆ. ಹಿಮ ಸೊಂಟದವರೆಗೆ ಬಿದ್ದರೆ, ಮಾರ್ಚ್‌ನಲ್ಲೇ ದಾರಿ ಕರಗಿದರೆ, ಕುದುರೆ ಕುಂಟಿದರೆ, ನಷ್ಟ ಪೂರ್ತಿ ಅವನ ತಲೆಗೆ. ಕಂಪನಿಗೆ ಏನೂ ಇಲ್ಲ. ಆ ಕಾಡುಗಳ ಬಡತನ ಅರ್ಥವಾಗಬೇಕಾದರೆ ಚಳಿಗಿಂತ ಮೊದಲು ಈ ಗುತ್ತಿಗೆಯನ್ನು ನೋಡಬೇಕು.

ನಮ್ಮ ಕಡೆ ದೋಣಿಗೆ ಡಾಂಬರು ಬಳಿಯುತ್ತಾರೆ. ಹಿಂದೆ ಯೂರೋಪಿನ ಹಡಗುಗಳಿಗೆ ಮರದಿಂದ ತೆಗೆದ ಟಾರು ಬಳಿಯುತ್ತಿದ್ದರಂತೆ. ಮರದಿಂದ ಟಾರು ಬರುವುದು ಹೇಗೆ? (ಓದುಗರು, ಕುಂದಾಪುರ)

ನಿಮ್ಮಲ್ಲಿ ಬಳಸುವುದು ಕಲ್ಲಿದ್ದಲು ಅಥವಾ ಪೆಟ್ರೋಲಿಯಂನ ಡಾಂಬರು. ಹಾಯಿಹಡಗುಗಳ ಕಾಲದ ಟಾರು ಪೈನ್ ಮರದ್ದು. 1648ರಲ್ಲಿ ಸ್ವೀಡನ್ ಇದರ ರಫ್ತಿಗೆ ಏಕಸ್ವಾಮ್ಯದ ಕಂಪನಿ ಕಟ್ಟಿತು. ಫಿನ್ಲೆಂಡ್ ಆಗ ಸ್ವೀಡನ್ ರಾಜ್ಯದ ಭಾಗ. ಸ್ಟಾಕ್‌ಹೋಮ್ ಮೂಲಕ ಹೋಗುತ್ತಿದ್ದುದರಿಂದ ಲೋಕವೆಲ್ಲ ಅದನ್ನು ಸ್ಟಾಕ್‌ಹೋಮ್ ಟಾರು ಎಂದೇ ಕರೆಯಿತು. ಕುದುರೆ ಗೊರಸಿನ ಔಷಧಿಯಾಗಿ ಆ ಹೆಸರಲ್ಲಿ ಇವತ್ತಿಗೂ ಮಾರಾಟವಾಗುತ್ತದೆ.

ಕೆಲಸ ಶುರುವಾಗುವುದು ಬೆಂಕಿ ಹಚ್ಚುವ ನಾಲ್ಕು ವರ್ಷ ಮೊದಲು. ಮರದಲ್ಲಿ ರಸ ಏರುವ ವಸಂತ ಕಾಲದಲ್ಲಿ ಎಳೆಯ ಪೈನ್ ಮರದ ಬುಡದಿಂದ ಕೈಗೆಟಕುವಷ್ಟು ಎತ್ತರದವರೆಗೆ ತೊಗಟೆ ಸುಲಿಯುತ್ತಾರೆ. ಆದರೆ ಸುತ್ತಲೂ ಅಲ್ಲ. ಉತ್ತರ ದಿಕ್ಕಿನಲ್ಲಿ ಒಂದು ಪಟ್ಟಿ ತೊಗಟೆ ಉಳಿಸಬೇಕು. ಆ ಪಟ್ಟಿಯಿಂದಲೇ ಮರ ಬದುಕಿರುತ್ತದೆ. ಗಾಯವನ್ನು ಮುಚ್ಚಲು ರಾಳ ಹರಿಸುತ್ತ ಹೋಗುತ್ತದೆ. ಮುಂದಿನ ವರ್ಷಗಳಲ್ಲಿ ಇನ್ನಷ್ಟು ಮೇಲಕ್ಕೆ ಸುಲಿದು, ಕೊನೆಗೆ ಆ ಪಟ್ಟಿಯನ್ನೂ ತೆಗೆಯುತ್ತಾರೆ. ಅವಸರ ಮಾಡಿ ಮೊದಲ ವರ್ಷವೇ ಸುತ್ತ ಸುಲಿದರೆ ಮರ ಸತ್ತು ಒಣಗುತ್ತದೆ, ರಾಳ ಇಳಿಯುವುದಿಲ್ಲ. ಆಮೇಲೆ ಕಡಿದು, ಸೀಳಿ, ಒಣಗಿಸಿ, ಹಿಮ ಇರುವಾಗಲೇ ಟಾರು ಬೇಯಿಸುವ ಗುಂಡಿಯ ಹತ್ತಿರಕ್ಕೆ ಎಳೆದು ತರಬೇಕು.

ಗುಂಡಿಯನ್ನು ದಿಬ್ಬದ ಅಂಚಿನಲ್ಲಿ ತೋಡುತ್ತಾರೆ, ಏಕೆಂದರೆ ಟಾರು ತಾನಾಗಿ ಇಳಿದು ಪೀಪಾಯಿಗೆ ಬೀಳಬೇಕು. ಆಕಾರ ಆಲಿಕೆಯದು. ತಳಕ್ಕೆ ಮಣ್ಣು ಬಡಿದು, ಅದರ ಮೇಲೆ ಬರ್ಚ್ ಮರದ ತೊಗಟೆಯನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸುತ್ತಾರೆ. ಈ ತೊಗಟೆಯಲ್ಲಿ ದ್ರವ ಸೋರುವುದಿಲ್ಲ. ನಡುವಿನ ಕಣ್ಣಿನಿಂದ ಟೊಳ್ಳು ಕೊರೆದ ಮರದ ಕೊಳವೆ ನೆಲದಡಿ ಹೊರಕ್ಕೆ ಹೋಗುತ್ತದೆ. ಸೀಳುಗಳನ್ನು ನಡುವಿಗೆ ಇಳಿಜಾರಾಗಿ, ಬಿಗಿಯಾಗಿ ಜೋಡಿಸಿ, ಮೇಲೆ ಪಾಚಿ, ಹುಲ್ಲುಹೆಂಟೆ, ಮಣ್ಣು ಮುಚ್ಚುತ್ತಾರೆ. ಅಂಚಿನಲ್ಲಿ ಮಾತ್ರ ಸುತ್ತಲೂ ತೆರೆದಿರುತ್ತದೆ. ಜೂನ್‌ನಲ್ಲಿ ಗಾಳಿ ಇಲ್ಲದ ದಿನ ನೋಡಿ ಸುತ್ತ ಎಲ್ಲ ಕಡೆ ಒಟ್ಟಿಗೇ ಬೆಂಕಿ ಹಚ್ಚಿ, ಅದು ಹಿಡಿದ ಮೇಲೆ ಅಂಚನ್ನೂ ಮುಚ್ಚಬೇಕು. ಮರ ಉರಿಯಬಾರದು, ಬೇಯಬೇಕು. ಬೆಂಕಿ ಹೊರಗಿನಿಂದ ಒಳಕ್ಕೆ ತೆವಳುತ್ತದೆ; ಅದರ ಮುಂದೆ ಟಾರು ಓಡಿ ನಡುವಿಗೆ ಇಳಿಯುತ್ತದೆ. ಮೊದಲು ಬರುವುದು ಹುಳಿ ನೀರು. ಆಮೇಲಷ್ಟೇ ಟಾರು.

ದೊಡ್ಡ ಗುಂಡಿ ವಾರಕ್ಕೂ ಹೆಚ್ಚು ಬೇಯುತ್ತದೆ. ಹಗಲು ರಾತ್ರಿ ಕಾವಲು. ಹೊದಿಕೆ ಕುಸಿದು ತೂತಾದರೆ ಗಾಳಿ ನುಗ್ಗಿ ಜ್ವಾಲೆ ಏಳುತ್ತದೆ, ಟಾರು ಒಳಗೇ ಸುಟ್ಟುಹೋಗುತ್ತದೆ. ಕಾವಲಿನವರು ದೊಣ್ಣೆಯಿಂದ ಬಡಿದು, ಹೆಂಟೆ ಹಾಕಿ ಮುಚ್ಚುತ್ತಲೇ ಇರಬೇಕು. ಗಾಳಿ ಒಂದೇ ಕಡೆಯಿಂದ ಬೀಸಿದರೆ ಆ ಬದಿ ಬೇಗ ಬೆಂದು ನಡು ಮುಟ್ಟುತ್ತದೆ. ಆಗ ಕೊಳವೆಗೇ ಬೆಂಕಿ ಹತ್ತುವ ಭಯ. ನಾಲ್ಕು ವರ್ಷದ ದುಡಿಮೆ ಒಂದು ರಾತ್ರಿಯ ನಿದ್ದೆಗೆ ಹೋಗಬಹುದು.

ಪೀಪಾಯಿಗೆ ಸುಮಾರು 125 ಲೀಟರ್. ಫಿನ್ಲೆಂಡ್‌ನ ಕೈನೂ ಪ್ರಾಂತದಿಂದ ಇವು ಔಲು ಬಂದರಿಗೆ ಹೋಗುತ್ತಿದ್ದುದು ವಿಶೇಷ ದೋಣಿಗಳಲ್ಲಿ. ಉದ್ದ 12ರಿಂದ 14 ಮೀಟರ್, ಅಗಲ ಮೀಟರಿಗಿಂತ ತುಸು ಹೆಚ್ಚು, ಹೊರೆ ಇಪ್ಪತ್ತಕ್ಕೂ ಹೆಚ್ಚು ಪೀಪಾಯಿ. ಹಲಗೆ ಬೇಕೆಂದೇ ತೆಳು: ರಭಸದ ನೀರಿನಲ್ಲಿ ಬಾಗದ ದೋಣಿ ಬಿರಿಯುತ್ತದೆ. ಬಂಡೆಗಳ ನಡುವೆ ನೀರು ರಭಸವಾಗಿ ಇಳಿಯುವ ಅಪಾಯದ ಕಡೆಗಳಲ್ಲಿ ಆ ನೀರನ್ನೇ ಬಲ್ಲ ಚುಕ್ಕಾಣಿಗಾರರನ್ನು ಹತ್ತಿಸಿಕೊಳ್ಳಬೇಕಿತ್ತು. ಕೈನೂವಿನ ಕಯಾನಿ ಪಟ್ಟಣದ ಎರಡು ಜಲಪಾತಗಳನ್ನು ದಾಟಲು 1846ರಲ್ಲಿ ಟಾರು ದೋಣಿಗಳಿಗೆಂದೇ ಕಾಲುವೆ ತೆರೆಯಿತು. ಒಳನಾಡಿನಿಂದ ಸಮುದ್ರಕ್ಕೆ ಹೋಗಿ ಬರಲು ವಾರಗಟ್ಟಲೆ. ಹಿಂದಿರುಗುವಾಗ ಹಿಟ್ಟು, ಉಪ್ಪು ತುಂಬಿಕೊಂಡು ಪ್ರವಾಹಕ್ಕೆ ಎದುರಾಗಿ ಕೋಲು ಒತ್ತುತ್ತ, ಹಗ್ಗ ಎಳೆಯುತ್ತ ಬರಬೇಕು. ಹೆಂಗಸರೂ ಹುಟ್ಟು ಹಾಕುತ್ತಿದ್ದರು. ಆ ಹಿಟ್ಟು ಔಲುವಿನ ವರ್ತಕರಿಂದ ಮುಂಗಡವಾಗಿ ಬಂದದ್ದು, ಮುಂದಿನ ಗುಂಡಿಯ ಟಾರು ಆಗಲೇ ಸಾಲಕ್ಕೆ ಹೋಗಿರುತ್ತಿತ್ತು. 1854ರಲ್ಲಿ ಕ್ರಿಮಿಯ ಯುದ್ಧದ ವೇಳೆ ಬ್ರಿಟಿಷ್ ನೌಕಾಪಡೆ ಔಲು ಮತ್ತು ರಾಹೆ ಬಂದರುಗಳ ಟಾರು ದಾಸ್ತಾನಿಗೆ ಬೆಂಕಿಯಿಟ್ಟಿತು. ಕಬ್ಬಿಣದ ಹಡಗು ಬಂದು, 1904ರಲ್ಲಿ ಕಯಾನಿಗೆ ರೈಲು ಬಂದ ಮೇಲೆ ಈ ದೋಣಿಗಳು ನಿಂತವು.

ನಮ್ಮಲ್ಲಿ ಕುಣಬಿಗಳು ಕುಮರಿ ಬೇಸಾಯ ಮಾಡುತ್ತಿದ್ದರು. ಅಷ್ಟು ಚಳಿಯ ಕಾಡಿನಲ್ಲೂ ಹಾಗೆ ಸುಟ್ಟು ಬಿತ್ತುವವರು ಇದ್ದರೇ? (ಓದುಗರು, ಜೊಯಿಡಾ)

ಇದ್ದರು, ಮತ್ತು ಅವರ ಕಥೆ ಕುಮರಿಯವರ ಕಥೆಗೆ ಬಹಳ ಹತ್ತಿರ. ಪೂರ್ವ ಫಿನ್ಲೆಂಡ್‌ನ ಸಾವೊ ಪ್ರಾಂತದ ಜನ 16ನೇ ಶತಮಾನದ ಕೊನೆಯಿಂದ ಸ್ವೀಡನ್‌ನ ವರ್ಮ್‌ಲಾಂಡ್‌ಗೂ ಅಲ್ಲಿಂದ ನಾರ್ವೆಯ ಗಡಿಕಾಡಿಗೂ ವಲಸೆ ಹೋದರು. ಇವರನ್ನು ಕಾಡು ಫಿನ್ನರು ಎನ್ನುತ್ತಾರೆ. ಉಳಿದ ರೈತರು ಮುಟ್ಟದ ಹಳೆಯ ಸ್ಪ್ರೂಸ್ ಕಾಡೇ ಇವರಿಗೆ ಬೇಕು.

ವಸಂತದಲ್ಲಿ ಕಡಿದು ಹಾಗೇ ಬಿಡುವುದು. ಎರಡು ಬೇಸಿಗೆ ಒಣಗಿಸಿ, ಮೂರನೆಯ ಬೇಸಿಗೆಯಲ್ಲಿ, ಜೂನ್ ಕೊನೆಯ ಸುಮಾರಿಗೆ ಸುಡುವುದು. ಬೂದಿ ಬಿಸಿ ಆರುವ ಮೊದಲೇ ರೈ ಎಂಬ ಧಾನ್ಯದ ಒಂದು ವಿಶೇಷ ತಳಿಯ ಬೀಜ ಬಿತ್ತುವುದು. ಕಾಳುಗಳನ್ನು ತುಂಬ ದೂರ ದೂರ ಬಿತ್ತಬೇಕು. ಒಂದೊಂದು ಬುಡದಿಂದಲೂ ಹತ್ತಾರು ಕವಲೊಡೆದು ಪೊದೆಯಾಗುತ್ತದೆ. ಮೊದಲ ವರ್ಷ ಬರೀ ಹುಲ್ಲು, ಎರಡನೆಯ ವರ್ಷ ಆಗಸ್ಟ್‌ಗೆ ಕೊಯ್ಲು. ಒತ್ತಾಗಿ ಬಿತ್ತಿದರೆ ಕವಲೊಡೆಯದೆ ಇಳುವರಿ ಬೀಳುತ್ತದೆ. ಒಣಗುವ ಮೊದಲೇ ಸುಟ್ಟರೆ ಅಡಿಯ ದಪ್ಪ ಹಸಿ ಪದರ ಉಳಿದುಕೊಂಡು ಬೀಜ ಮಣ್ಣು ಮುಟ್ಟುವುದಿಲ್ಲ. ಒಂದು ಫಸಲಿನ ನಂತರ ನೆಲವನ್ನು ಮೇವಿಗೆ ಬಿಟ್ಟು ಬೇರೆ ಜಾಗಕ್ಕೆ ಹೋಗುತ್ತಿದ್ದರು. ತೆನೆಯನ್ನು ಒಣಗಿಸುತ್ತಿದ್ದುದು ಹೊಗೆ ತುಂಬಿದ ಮರದ ಕಣಜದಲ್ಲಿ. ಅಂಥ ಒಂದು ಹಳೆಯ ಕಣಜದ ನೆಲಹಲಗೆಯ ಅಡಿ ಸಿಕ್ಕಿದ ಬೆರಳೆಣಿಕೆಯ ಕಾಳು ಮೊಳೆತು, ಕಳೆದುಹೋಗಿತ್ತೆಂದುಕೊಂಡಿದ್ದ ಆ ರೈ ತಳಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ನಾರ್ವೆಯಲ್ಲಿ ಮರಳಿ ಸಿಕ್ಕಿತು.

ಮೊದಲು ಸರ್ಕಾರವೇ ಇವರನ್ನು ಕರೆದು ಕೂರಿಸಿ ತೆರಿಗೆ ಮಾಫಿ ಕೊಟ್ಟಿತ್ತು. ಕಬ್ಬಿಣದ ಕುಲುಮೆಗಳಿಗೆ ಇದ್ದಿಲು ಬೇಕಾದಾಗ ಅದೇ ಕಾಡು ಅಮೂಲ್ಯವಾಯಿತು. 1647 ಮತ್ತು 1664ರ ಅರಣ್ಯ ಆಜ್ಞೆಗಳು ಸುಡುವುದನ್ನು ಬಿಗಿಮಾಡಿದವು. ಉತ್ತರ ಕನ್ನಡದಲ್ಲಿ ಬ್ರಿಟಿಷರು ಕುಮರಿಗೆ ಕಡಿವಾಣ ಹಾಕಿದಾಗಲೂ ಹಿಂದೆ ಇದ್ದದ್ದು ನಾಟಾದ ಬೆಲೆ. ಕಾಡು ಹಾಳು ಮಾಡುವವರೆಂಬ ಹೆಸರು ಎರಡೂ ಕಡೆ ಬಿತ್ತಿ ಉಣ್ಣುವವರ ಮೇಲೇ ಬಂತು. ಇದು ಅನ್ಯಾಯ ಎಂದೇ ನಮ್ಮ ಅಭಿಪ್ರಾಯ.

ನದಿಯಲ್ಲಿ ದಿಮ್ಮಿ ತೇಲಿಬಿಟ್ಟರೆ ಯಾರದ್ದು ಯಾವುದು ಎಂದು ಗೊತ್ತಾಗುವುದು ಹೇಗೆ? ಸಿಕ್ಕಿಹಾಕಿಕೊಂಡರೆ ಬಿಡಿಸುವುದು ಹೇಗೆ? (ಓದುಗರು, ದಾಂಡೇಲಿ)

ಗುರುತು ಕಾಡಿನಲ್ಲೇ ಬೀಳುತ್ತದೆ. ನಮ್ಮ ನಾಟಾ ಡಿಪೊಗಳಲ್ಲಿ ದಿಮ್ಮಿಯ ಮುಖಕ್ಕೆ ಸುತ್ತಿಗೆ ಮುದ್ರೆ ಒತ್ತುವಂತೆ ಅಲ್ಲಿಯೂ ಪ್ರತಿ ಕಂಪನಿಗೆ ಒಂದು ಮುದ್ರೆ ಇತ್ತು. ಕೊಡಲಿಯಿಂದ ಪಕ್ಕಕ್ಕೂ ಗುರುತು ಕೆತ್ತುತ್ತಿದ್ದರು. ಎಲ್ಲರ ದಿಮ್ಮಿಗಳೂ ಒಟ್ಟಿಗೇ ಬರುತ್ತವೆ. ನದೀಮುಖದ ಬಳಿ ತೇಲುವ ಮರಗಳ ಬೇಲಿ ಕಟ್ಟಿ, ಓಣಿಗಳನ್ನು ಮಾಡಿ, ಕಾಲುದಾರಿಯ ಮೇಲೆ ನಿಂತವರು ಕೊಕ್ಕೆಕೋಲಿನಿಂದ ಒಂದೊಂದನ್ನೂ ಗುರುತು ನೋಡಿ ಅದರದರ ಓಣಿಗೆ ತಳ್ಳುತ್ತಿದ್ದರು. ಸ್ವೀಡನ್‌ನ ಆಂಗರ್ಮನ್ ನದಿಯ ಸಾಂಡ್‌ಸ್ಲೋನ್‌ನಲ್ಲಿ ಇದಕ್ಕೆಂದೇ ನೂರಾರು ಜನ ದುಡಿಯುತ್ತಿದ್ದರು. 1880ರ ಕಾನೂನಿನಂತೆ ಒಂದು ನದಿಯನ್ನು ಬಳಸುವವರೆಲ್ಲ ಸೇರಿ ಸಂಘ ಕಟ್ಟಿಕೊಂಡು ಖರ್ಚು ಹಂಚಿಕೊಳ್ಳಬೇಕಿತ್ತು.

ಚಳಿಗಾಲವಿಡೀ ದಿಮ್ಮಿಗಳನ್ನು ಹಳ್ಳದ ದಂಡೆಗೋ ಸರೋವರದ ಮಂಜುಗಡ್ಡೆಯ ಮೇಲಕ್ಕೋ ತಂದು ಪೇರಿಸುತ್ತಾರೆ. ಮೇ ತಿಂಗಳಲ್ಲಿ ಹಿಮ ಕರಗಿದಾಗ ಸಣ್ಣ ಹಳ್ಳಗಳಲ್ಲಿ ನೀರಿರುವುದು ಒಂದೆರಡು ವಾರ. ಅದಕ್ಕಾಗಿ ಸರೋವರಗಳ ತೂಬಿನಲ್ಲಿ ಮರದ ಅಣೆಕಟ್ಟು ಕಟ್ಟಿ ನೀರು ಕೂಡಿಟ್ಟು, ಬೇಕಾದಷ್ಟೇ ಬಿಡುತ್ತಿದ್ದರು. ಅಣೆ ಕಾಯುವವನ ಕೈಯಲ್ಲಿ ಇಡೀ ವರ್ಷದ ಕೂಲಿ ಇರುತ್ತಿತ್ತು. ಕೆಳಗಿನವರು ಸಿದ್ಧರಾಗುವ ಮೊದಲೇ ನೀರು ಬಿಟ್ಟರೆ ದಿಮ್ಮಿಗಳು ಕಲ್ಲಿನ ಮೇಲೆ ಉಳಿದು ಮುಂದಿನ ವಸಂತದವರೆಗೂ ಕಾಯಬೇಕು.

ಬಿಡಿಸುವ ಕೆಲಸದಲ್ಲಿ ಬಹುಪಾಲು ಸಿಕ್ಕಿಕೊಳ್ಳದಂತೆ ನೋಡುವುದೇ. ತಿರುವು, ಬಂಡೆ, ಇಕ್ಕಟ್ಟು ಇರುವಲ್ಲೆಲ್ಲ ಕಾವಲಿಗೆ ಜನ ನಿಲ್ಲುತ್ತಾರೆ. ಮೊದಲ ದಿಮ್ಮಿ ಅಡ್ಡಲಾದ ಕೂಡಲೇ ಕೊಕ್ಕೆಯಿಂದ ತಳ್ಳಿದರೆ ಮುಗಿಯಿತು. ಕಾಲು ಗಂಟೆ ತಡವಾದರೆ ಹಿಂದಿನಿಂದ ಬಂದವು ಅದರ ಮೇಲೆ ಏರಿ, ನೀರು ಹಿಂದೆ ಕಟ್ಟಿಕೊಂಡು, ಒತ್ತಡಕ್ಕೆ ದಿಮ್ಮಿಗಳು ನೆಟ್ಟಗೆ ನಿಲ್ಲುತ್ತವೆ. ಆಗ ಕೆಳಗಿನ ಬದಿಯಲ್ಲಿ, ನೀರಿನ ಮಟ್ಟದ ಹತ್ತಿರ, ಇಡೀ ರಾಶಿಯನ್ನು ಹಿಡಿದುಕೊಂಡಿರುವ ಒಂದೆರಡು ದಿಮ್ಮಿಗಳನ್ನು ಹುಡುಕಬೇಕು. ಅನುಭವಿಗಳು ಯಾವುದರ ಮೇಲೆ ಒತ್ತಡ ಎಂದು ತೊಗಟೆ ಜಜ್ಜಿದ ಗುರುತಿನಿಂದ, ಮರ ಕಿರುಗುಟ್ಟುವ ಸದ್ದಿನಿಂದ ತಿಳಿಯುತ್ತಿದ್ದರು. ಅದನ್ನು ಕೊಕ್ಕೆ ಹಾಕಿ ಎಳೆಯಬೇಕು, ಆಗದಿದ್ದರೆ ಅಲ್ಲೇ ನಿಂತು ಕಡಿಯಬೇಕು. ಡೈನಮೈಟ್ ಬಂದ ಮೇಲೆ ಉದ್ದ ಕೋಲಿನ ತುದಿಗೆ ಕಟ್ಟಿ ಅಡಿಗೆ ತಳ್ಳುತ್ತಿದ್ದರು. ಬಿಡಿಸಿಕೊಂಡ ಕ್ಷಣ ರಾಶಿಯೆಲ್ಲ ಒಟ್ಟಿಗೇ ಹೊರಡುತ್ತದೆ. ಓಡುವ ದಾರಿ ಮೊದಲೇ ನೋಡಿಟ್ಟುಕೊಳ್ಳದೆ ಯಾರೂ ಕೊಡಲಿ ಎತ್ತುತ್ತಿರಲಿಲ್ಲ. ಮಂಜುಗಡ್ಡೆ ಕರಗಿದ ನೀರು. ಈಜು ಬಾರದವರೇ ಹೆಚ್ಚು. ನದಿಗಳ ದಂಡೆಯಲ್ಲಿ ಮುಳುಗಿದವರ ನೆನಪಿನ ಶಿಲುಬೆಗಳಿದ್ದವು.

ಸ್ವೀಡನ್‌ನಲ್ಲಿ ಇಂಥ ಜಲಮಾರ್ಗಗಳ ಒಟ್ಟು ಉದ್ದ ಒಂದು ಕಾಲಕ್ಕೆ 30,000 ಕಿಲೋಮೀಟರ್ ಮುಟ್ಟಿತ್ತು. ಲಾರಿ ರಸ್ತೆ, ಜಲವಿದ್ಯುತ್ ಅಣೆಕಟ್ಟು, ವರ್ಷಪೂರ್ತಿ ತಾಜಾ ಮರ ಕೇಳುವ ಕಾಗದ ಕಾರ್ಖಾನೆ, ಮೂರೂ ಸೇರಿ ಇದನ್ನು ಮುಗಿಸಿದವು. ಸ್ವೀಡನ್‌ನ ಕ್ಲಾರ್ ನದಿಯಲ್ಲೂ ಫಿನ್ಲೆಂಡ್‌ನ ಕೆಮಿ ನದಿಯಲ್ಲೂ ಬಿಡಿ ದಿಮ್ಮಿ ಕೊನೆಯದಾಗಿ ತೇಲಿದ್ದು 1991ರಲ್ಲಿ. ಫಿನ್ಲೆಂಡ್‌ನ ಸಾಯ್ಮಾ ಸರೋವರಗಳಲ್ಲಿ ಮಾತ್ರ ದಿಮ್ಮಿಗಳ ಕಟ್ಟುಗಳನ್ನು ಟಗ್ ದೋಣಿ ಎಳೆಯುವುದು ಇಂದಿಗೂ ಇದೆ.

ತೇಲಾಟಕ್ಕೆ ಅಡ್ಡಿ ಎಂದು ಹಳ್ಳಗಳ ಬಂಡೆಗಳನ್ನೆಲ್ಲ ಕಿತ್ತು ದಂಡೆಗೆ ಹಾಕಿದ್ದರಿಂದ, ವಿಶೇಷವಾಗಿ 1950ರ ದಶಕದಲ್ಲಿ ಬುಲ್ಡೋಜರ್ ಇಳಿಸಿದ ಮೇಲೆ, ಸಾಲ್ಮನ್ ಮತ್ತು ಟ್ರೌಟ್ ಮೊಟ್ಟೆಯಿಡುವ ಜಲ್ಲಿ ತಾಣಗಳು ಕೊಚ್ಚಿಹೋದವು. ಈಗ ಉತ್ತರ ಸ್ವೀಡನ್‌ನ ವಿಂಡೆಲ್ ನದಿಯ ಉಪನದಿಗಳಲ್ಲಿ ಅದೇ ಬಂಡೆಗಳನ್ನು ಯಂತ್ರದಿಂದ ಎತ್ತಿ ನೀರಿಗೆ ಹಿಂದಿರುಗಿಸುತ್ತಿದ್ದಾರೆ.

ಎಲ್ಲ ಮರವೂ ತೇಲುತ್ತದೆಯೇ? (ವಿದ್ಯಾರ್ಥಿ, ಸಾಗರ)

ಇಲ್ಲ. ಪೈನ್, ಸ್ಪ್ರೂಸ್ ತೇಲುತ್ತವೆ. ಬರ್ಚ್ ಬೇಗ ನೀರು ಕುಡಿದು ಮುಳುಗುತ್ತದೆ. ತೊಗಟೆ ಸುಲಿದು ತುಸು ಒಣಗಿದ ದಿಮ್ಮಿ ಹೆಚ್ಚು ದಿನ ತೇಲುತ್ತದೆ, ಕಲ್ಲಿಗೆ ತಾಗಿದರೂ ಜಾರುತ್ತದೆ. ಹಸಿ ತೇಗವೂ ಮುಳುಗುತ್ತದೆ. ಆದ್ದರಿಂದಲೇ ಬರ್ಮಾದಲ್ಲಿ ತೇಗದ ಬುಡಕ್ಕೆ ಸುತ್ತ ಕಚ್ಚು ಹಾಕಿ, ನಿಂತಲ್ಲೇ ಎರಡು ಮೂರು ವರ್ಷ ಒಣಗಿಸಿ ಕಡಿಯುತ್ತಿದ್ದರು.

ಕಾಡಿನ ಬಿಡಾರದಲ್ಲಿ ಅಡುಗೆ ಯಾರು ಮಾಡುತ್ತಿದ್ದರು? ಏನು ತಿನ್ನುತ್ತಿದ್ದರು? (ಓದುಗರು, ಧಾರವಾಡ)

ಸ್ವೀಡನ್‌ನಲ್ಲಿ 1930ರ ದಶಕದವರೆಗೆ ಬಹಳ ಕಡೆ ಯಾರೂ ಇರಲಿಲ್ಲ. ಪ್ರತಿಯೊಬ್ಬನೂ ಮನೆಯಿಂದ ತಂದ ಊಟದ ಪೆಟ್ಟಿಗೆ ಇಟ್ಟುಕೊಂಡು, ಕತ್ತಲಾದ ಮೇಲೆ ಬಂದು ತನ್ನದೇ ಬಾಣಲೆಯಲ್ಲಿ ಬೇಯಿಸಿಕೊಳ್ಳಬೇಕಿತ್ತು. ಬಿಡಾರ ಎಂದರೆ ದಿಮ್ಮಿ ಜೋಡಿಸಿದ ತಗ್ಗು ಗುಡಿಸಲು. ನಡುವೆ ತೆರೆದ ಒಲೆ, ಮೇಲೆ ಹೊಗೆಗಂಡಿ, ಎರಡೂ ಬದಿ ಮಲಗುವ ಹಲಗೆ. ಒಲೆಯ ಮೇಲೆ ಒದ್ದೆ ಬಟ್ಟೆಯ ಜತೆಗೆ ಕುದುರೆಯ ಸಜ್ಜೂ ತೂಗುತ್ತಿರುತ್ತದೆ. ಹಲವು ಕಡೆ ಕುದುರೆಯೂ ಅದೇ ಸೂರಿನಡಿ. ಸ್ವೀಡನ್‌ನಲ್ಲಿ 1919ರಲ್ಲಿ, ಫಿನ್ಲೆಂಡ್‌ನಲ್ಲಿ 1928ರಲ್ಲಿ ಬಿಡಾರಗಳಿಗೆ ಕಾನೂನು ಬಂತು. ಆಮೇಲೆ ಅಡುಗೆಯ ಹೆಂಗಸರು ಬಂದರು. ಹತ್ತಿಪ್ಪತ್ತು ಗಂಡಸರಿಗೆ ಒಬ್ಬಳೇ. ನಸುಕಿಗೆ ಮೊದಲೇ ಏಳಬೇಕು. ಊಟ ಸುಧಾರಿಸಿದ್ದಷ್ಟೇ ಅಲ್ಲ, ಬಿಡಾರ ಚೊಕ್ಕವಾಯಿತು, ಕಾಯಿಲೆ ತಗ್ಗಿತು. ಗಂಡಸರು ಕಾಡಿನಲ್ಲಿದ್ದ ಆ ತಿಂಗಳುಗಳಲ್ಲಿ ಹಸು, ಮಕ್ಕಳು, ನೀರು, ಸೌದೆ ಎಲ್ಲವನ್ನೂ ನೋಡಿಕೊಂಡ ಮನೆಯ ಹೆಂಗಸರ ಲೆಕ್ಕ ಯಾವ ಕೂಲಿ ಪುಸ್ತಕದಲ್ಲೂ ಇಲ್ಲ.

ಮುಖ್ಯ ತಿನಿಸು ಇದ್ದಿಲು ಸುಡುವವರದು, ಹೆಸರು ಕೊಲ್‌ಬುಲ್ಲೆ. ಹಿಟ್ಟು, ಉಪ್ಪು, ನೀರು ಕಲಸಿ ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಮಾಡಿ ಸ್ವಲ್ಪ ಹೊತ್ತು ಬಿಡಬೇಕು. ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಉಪ್ಪು ಹಾಕಿಟ್ಟ ಹಂದಿಮಾಂಸದ ತುಂಡುಗಳನ್ನು ಕಬ್ಬಿಣದ ಬಾಣಲೆಯಲ್ಲಿ ಹುರಿದು, ಬಿಟ್ಟ ಕೊಬ್ಬಿನ ಮೇಲೆಯೇ ಹಿಟ್ಟು ಹೊಯ್ದು, ಅಂಚು ಗರಿಯಾದಾಗ ಮಗುಚಬೇಕು. ಬಾಣಲೆ ಚೆನ್ನಾಗಿ ಕಾಯದಿದ್ದರೆ ಹಿಟ್ಟು ಕೊಬ್ಬು ಹೀರಿ ಒಳಗೆ ಹಸಿಯಾಗಿ ಉಳಿಯುತ್ತದೆ.

ರಾತ್ರಿಯಿಡೀ ಸೌದೆ ಹಾಕದೆ ಉರಿಯುವ ಬೆಂಕಿ ಮಾಡುತ್ತಿದ್ದರು ಎಂಬುದು ನಿಜವೇ? (ಚಾರಣಿಗರು, ಚಿಕ್ಕಮಗಳೂರು)

ನಿಜ. ಫಿನ್ಲೆಂಡ್‌ನಲ್ಲಿ ಬಿಡಾರ ಇಲ್ಲದ ರಾತ್ರಿಗೆ ಇದೇ ಆಸರೆ. ನಿಂತಲ್ಲೇ ಒಣಗಿದ ಪೈನ್‌ನ ಎರಡು ದಿಮ್ಮಿ ಬೇಕು, ಮಲಗುವ ಮನುಷ್ಯನಿಗಿಂತ ತುಸು ಉದ್ದ. ಎರಡರಲ್ಲೂ ಒಂದೊಂದು ಬದಿಯನ್ನು ಕೊಡಲಿಯಿಂದ ಚಪ್ಪಟೆ ಕೆತ್ತಿ, ಮೇಲ್ಮೈಗೆ ಕಚ್ಚು ಹೊಡೆದು ಸಿಬಿರೆಬ್ಬಿಸಬೇಕು. ಒಂದನ್ನು ನೆಲಕ್ಕಿಟ್ಟು, ಚಪ್ಪಟೆ ಮುಖಗಳು ಎದುರುಬದುರಾಗುವಂತೆ ಇನ್ನೊಂದನ್ನು ಮೇಲಿಟ್ಟು, ನಡುವೆ ಎರಡು ಬೆರಳು ಸಂದು ಬರುವಂತೆ ತುದಿಗಳಲ್ಲಿ ಹಸಿ ಚಕ್ಕೆ ಕೊಡಬೇಕು. ಉರುಳದಂತೆ ಗೂಟ. ಸಂದಿನ ಉದ್ದಕ್ಕೂ ಬೆಂಕಿ ಹಚ್ಚಿದರೆ ಎರಡೂ ಮುಖಗಳು ಪರಸ್ಪರ ಕಾಯಿಸುತ್ತ ನಿಧಾನ ಉರಿಯುತ್ತವೆ. ಸಂದು ದೊಡ್ಡದಾದರೆ ಆರುತ್ತದೆ, ಚಿಕ್ಕದಾದರೆ ಉಸಿರುಗಟ್ಟುತ್ತದೆ. ಹಸಿ ಮರವಾದರೆ ಪ್ರಯತ್ನವೇ ವ್ಯರ್ಥ. ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಮಾತ್ರ ಇದನ್ನು ಮಾಡಬೇಡಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧ.

ಕಾಡಿನ ಒಡೆತನ ಯಾರದಿತ್ತು? ಕೂಲಿಗಾಗಿ ಹೋರಾಟ ನಡೆಯಲಿಲ್ಲವೇ? (ಓದುಗರು, ಹಾಸನ)

ಉತ್ತರ ಸ್ವೀಡನ್‌ನ ಬಂದರು ಪಟ್ಟಣ ಸುಂಡ್ಸ್‌ವಾಲ್ ಬಳಿಯ ತೂನಾಡಾಲ್‌ನಲ್ಲಿ 1849ರಲ್ಲಿ ಉಗಿ ಯಂತ್ರದ ಗರಗಸ ಗಿರಣಿ ಬಂದದ್ದೇ ತಿರುವು. ಅಲ್ಲಿಯವರೆಗೆ ಗಿರಣಿ ಜಲಪಾತದ ಬಳಿ ಇರಬೇಕಿತ್ತು. ಈಗ ಬಂದರಿನಲ್ಲೇ ನಿಂತಿತು. ಮರದ ಹಸಿವು ಒಮ್ಮೆಲೇ ಏರಿತು. ಕಂಪನಿಗಳು ರೈತರಿಂದ 50 ವರ್ಷದವರೆಗಿನ ಕಡಿಯುವ ಹಕ್ಕನ್ನು ಅಲ್ಪ ಹಣಕ್ಕೆ ಬರೆಸಿಕೊಂಡವು. 1889ರಲ್ಲಿ ಈ ಅವಧಿಯನ್ನು 20 ವರ್ಷಕ್ಕೆ, 1905ರಲ್ಲಿ 5 ವರ್ಷಕ್ಕೆ ಇಳಿಸಿದರು. 1906ರಲ್ಲಿ ನೊರ್‌ಲಾಂಡ್‌ನಲ್ಲಿ ಕಂಪನಿಗಳು ರೈತರ ಭೂಮಿ ಕೊಳ್ಳುವುದನ್ನೇ ನಿಷೇಧಿಸಿದರು. ಅಷ್ಟರಲ್ಲಿ ದೊಡ್ಡ ಭಾಗ ಕೈತಪ್ಪಿತ್ತು. ಕಡಿದಲ್ಲಿ ಮತ್ತೆ ಕಾಡು ಬೆಳೆಸಲೇಬೇಕೆಂಬ ಕಾನೂನು 1903ರದು.

1879ರಲ್ಲಿ ಕೂಲಿ ಇಳಿಸಿದಾಗ ಸುಂಡ್ಸ್‌ವಾಲ್‌ನ ಸುಮಾರು 5,000 ಗಿರಣಿ ಕೆಲಸಗಾರರು ಮುಷ್ಕರ ಹೂಡಿದರು. ಸರ್ಕಾರ ಸೈನ್ಯವನ್ನೂ ಯುದ್ಧನೌಕೆಗಳನ್ನೂ ಕಳಿಸಿ ಮುರಿಯಿತು. 1931ರ ಮೇ 14ರಂದು ಆಂಗರ್ಮನ್ ನದಿ ಕಣಿವೆಯ ಓಡಾಲನ್‌ನಲ್ಲಿ ಕೆಲಸಗಾರರ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿ ಐವರು ಸತ್ತರು. ಕಾಡಿನೊಳಗಿನ ಕಡಿಯುವವರು ಚದುರಿಹೋಗಿದ್ದರಿಂದ ಸಂಘಟನೆ ತಡವಾಯಿತು. ಅಳತೆಗೆ ಕೂಲಿ ಕೊಡುವ ಪದ್ಧತಿ ಹೋಗಿ ತಿಂಗಳ ಸಂಬಳಕ್ಕೆ ದಾರಿಯಾದದ್ದು 1975ರ ದೊಡ್ಡ ಮುಷ್ಕರದಿಂದ.

ನಮ್ಮ ತೋಟದಲ್ಲಿ ಚೈನ್ ಸಾ ಹಿಡಿಯುವವರಿಗೆ ಬೆಳಗಿನ ಚಳಿಯಲ್ಲಿ ಬೆರಳು ಬಿಳಿಚಿ ಮರಗಟ್ಟುತ್ತದೆ. ಅಲ್ಲಿಯೂ ಹೀಗಿತ್ತೇ? (ಕಾಫಿ ಬೆಳೆಗಾರರು, ಮಡಿಕೇರಿ)

ಇತ್ತು, ಮತ್ತು ಅವರ ಅನುಭವ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಯಂತ್ರದ ಕಂಪನದಿಂದ ಬೆರಳಿನ ಸಣ್ಣ ರಕ್ತನಾಳ ಮತ್ತು ನರಗಳು ಹಾಳಾಗುವ ಕಾಯಿಲೆ ಇದು. ಚಳಿ ಅದನ್ನು ಕೆರಳಿಸುತ್ತದೆ. ಫಿನ್ಲೆಂಡ್‌ನ ಸುಓಮುಸ್ಸಾಲ್ಮಿ ಪ್ರದೇಶದ ಕಾಡು ಕೆಲಸಗಾರರನ್ನು ವರ್ಷಗಟ್ಟಲೆ ಪರೀಕ್ಷಿಸಿದಾಗ 1972ರಲ್ಲಿ ನೂರಕ್ಕೆ 40 ಮಂದಿಗೆ ಬೆರಳು ಬಿಳಿಚುತ್ತಿತ್ತು. 1990ಕ್ಕೆ ಅದು ನೂರಕ್ಕೆ 5ಕ್ಕೆ ಇಳಿಯಿತು. ಮುಖ್ಯ ಕಾರಣ, ಹಿಡಿಯನ್ನು ಎಂಜಿನ್‌ನಿಂದ ಬೇರ್ಪಡಿಸುವ ಕಂಪನ ತಡೆ. ಸ್ವೀಡನ್‌ನ ಹುಸ್ಕ್‌ವರ್ನಾ ಕಂಪನಿ ಇಂಥ ಗರಗಸವನ್ನು 1969ರಲ್ಲಿ ತಂದಿತು.

ನಿಮ್ಮ ಯಂತ್ರದಲ್ಲಿ ಹಿಡಿಯ ಬುಡದ ರಬ್ಬರ್ ಅಥವಾ ಸ್ಪ್ರಿಂಗ್ ನೋಡಿ. ಬಿರುಕು ಬಿಟ್ಟಿದ್ದರೆ, ಲೋಹಕ್ಕೆ ಲೋಹ ತಾಗುತ್ತಿದ್ದರೆ ತಕ್ಷಣ ಬದಲಿಸಿ. ಮೊಂಡು ಚೈನ್ ಕಂಪನವನ್ನೂ ಒತ್ತುವ ಬಲವನ್ನೂ ಹೆಚ್ಚಿಸುತ್ತದೆ. ಪುಡಿಯ ಬದಲು ಚಕ್ಕೆ ಬೀಳುವಷ್ಟು ಹರಿತ ಇರಲಿ. ಕೆಲಸ ಶುರುಮಾಡುವ ಮೊದಲು ಮೈ ಕೈ ಬೆಚ್ಚಗಾಗಬೇಕು. ಒದ್ದೆ ಕೈಗವಸು ಬೇಡ. ಒಬ್ಬನೇ ದಿನವಿಡೀ ಹಿಡಿಯದಂತೆ ಸರದಿ ಮಾಡಿ. ಬೀಡಿ ಸಿಗರೇಟು ರಕ್ತನಾಳವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಬಿಳಿಚುವುದು ಬೆರಳ ತುದಿಯಿಂದ ಬುಡದ ಕಡೆಗೆ ಬರುತ್ತಿದ್ದರೆ, ಗುಂಡಿ ಹಾಕಲು ಕಷ್ಟವಾಗುತ್ತಿದ್ದರೆ, ಆ ಕೆಲಸಗಾರನಿಗೆ ಬೇರೆ ಕೆಲಸ ಕೊಟ್ಟು ವೈದ್ಯರಿಗೆ ತೋರಿಸಿ. ನರಕ್ಕಾದ ಹಾನಿ ಪೂರ್ತಿ ಮರಳುವುದಿಲ್ಲ.

ಈ ಎಲ್ಲದರಲ್ಲಿ ಅಲ್ಲಿನ ಮೂಲನಿವಾಸಿ ಸಾಮಿ ಜನ ಎಲ್ಲಿ? (ಓದುಗರು, ಬೆಂಗಳೂರು)

ಅವರು ಎಲ್ಲರಿಗಿಂತ ಮೊದಲಿನಿಂದ ಅಲ್ಲಿದ್ದಾರೆ. ಹಿಮಸಾರಂಗ ಸಾಕುವ ಸಾಮಿಗಳಿಗೆ ಕಾಡು ಎಂದರೆ ಚಳಿಗಾಲದ ಮೇವು. ಹಿಮ ಮೆತ್ತಗಿದ್ದರೆ ಸಾರಂಗ ಗೊರಸಿನಿಂದ ಕೆದಕಿ ನೆಲದ ಕಲ್ಲುಹೂವು ತಿನ್ನುತ್ತದೆ. ನಡುವೆ ಒಮ್ಮೆ ಬಿಸಿಲೋ ಮಳೆಯೋ ಬಂದು ಮತ್ತೆ ಹೆಪ್ಪುಗಟ್ಟಿದರೆ ಮೇಲೆ ಗಟ್ಟಿ ಪದರ ಕೂರುತ್ತದೆ, ಗೊರಸು ಇಳಿಯುವುದಿಲ್ಲ. ಆಗ ಜೀವ ಉಳಿಸುವುದು ಹಳೆಯ ಸ್ಪ್ರೂಸ್ ಮರಗಳಿಂದ ಕೂದಲಿನಂತೆ ಜೋತುಬಿದ್ದ ಕಲ್ಲುಹೂವು. ಅದು ಬೆಳೆಯುವುದು ಹಳೆಯ ಕಾಡಿನಲ್ಲಿ ಮಾತ್ರ. ಪೂರ್ತಿ ಬೋಳಿಸಿ ಕಡಿಯುವ ಪದ್ಧತಿ 1950ರ ದಶಕದಿಂದ ಹರಡಿದಾಗ ಈ ಮೇವು ಹೋಯಿತು. ನೆಡುವ ಮೊದಲು ಯಂತ್ರದಿಂದ ನೆಲ ಉಳುವುದರಿಂದ ಅಡಿಯ ಕಲ್ಲುಹೂವೂ ಹೋಗುತ್ತದೆ, ಮರಳಲು ದಶಕಗಳು ಬೇಕು. ಮರ ಎಷ್ಟೇ ನೆಟ್ಟರೂ ಸಾರಂಗಕ್ಕೆ ಅದು ಮೇವಿಲ್ಲದ ಕಾಡು. ಮರ ನೆಟ್ಟ ಲೆಕ್ಕವನ್ನೇ ಕಾಡಿನ ಲೆಕ್ಕ ಎನ್ನುವವರ ಜತೆ ನಮಗೆ ಒಪ್ಪಿಗೆ ಇಲ್ಲ.

ಕೆಲಸದ ಮೇಲೆ ಸ್ವೀಡನ್‌ನ ಊಮಿಯೊದಲ್ಲಿದ್ದೇನೆ. ಕಾಡಿನಲ್ಲಿ ನಡೆಯುವಾಗ ಇವುಗಳ ಕುರುಹು ಗುರುತಿಸುವುದು ಹೇಗೆ? (ಓದುಗರು, ಊಮಿಯೊ)

ಒಳ್ಳೆಯ ಊರಿನಲ್ಲಿದ್ದೀರಿ. ಊರಿನ ಹತ್ತಿರವೇ ಹಿಂದೆ ಗರಗಸ ಗಿರಣಿ ಇದ್ದ ಬಾಗ್‌ಬೊಲೆ ಇದೆ. 19ನೇ ಶತಮಾನದಲ್ಲಿ ಸರ್ಕಾರಿ ಕಾಡಿನ ಅಕ್ರಮ ಕಡಿತಕ್ಕೆ ಆ ಗಿರಣಿಯ ಹೆಸರೇ ನಿಂತುಹೋಯಿತು.

ದಿಬ್ಬದ ಅಂಚಿನಲ್ಲಿ ಆಲಿಕೆಯಾಕಾರದ ತಗ್ಗು, ಅದರಿಂದ ಕೆಳಕ್ಕೆ ಕೊರೆದ ಸಣ್ಣ ಕಾಲುವೆ ಕಂಡರೆ ಅದು ಟಾರು ಗುಂಡಿ. ಸಮತಟ್ಟಾದ ನೆಲದಲ್ಲಿ ಸುತ್ತ ಹಳ್ಳವಿರುವ ದುಂಡನೆಯ ತಟ್ಟು, ಪಾಚಿಯಡಿ ಕಪ್ಪು ಪುಡಿ ಇದ್ದರೆ ಇದ್ದಿಲು ಸುಟ್ಟ ಜಾಗ. ಕಾಡಿನ ನಡುವೆ ಪಾಚಿ ಹತ್ತಿದ ಕಲ್ಲಿನ ಗುಡ್ಡೆಯೊಂದೇ ಉಳಿದಿದ್ದರೆ ಅದು ಬಿಡಾರದ ಒಲೆ, ಮರ ಕೊಳೆತುಹೋಗಿರುತ್ತದೆ. ಹಳ್ಳದ ಎರಡೂ ದಂಡೆಯಲ್ಲಿ ಸಾಲಾಗಿ ಒಟ್ಟಿದ ಬಂಡೆಗಳು ದಿಮ್ಮಿ ತೇಲಿಸಿದ್ದಕ್ಕೆ ಸಾಕ್ಷಿ. ಕಡಿದ ಮರದ ಮೋಟುಗಳನ್ನೂ ನೋಡಿ: ಸೊಂಟದೆತ್ತರಕ್ಕೆ, ಓರೆಯಾಗಿ ಕಡಿದದ್ದು ಕೊಡಲಿಯ ಕಾಲದ್ದು, ತಗ್ಗಾಗಿ ಸಪಾಟಾಗಿದ್ದರೆ ಗರಗಸದ್ದು.

ಹಳೆಯ ಪೈನ್ ಮರದ ಮೇಲೆ ಚೌಕಾಕಾರದ ಗಾಯ, ಅಂಚು ಒಳಕ್ಕೆ ಮಡಚಿಕೊಂಡಂತೆ ಬೆಳೆದಿದ್ದರೆ ನಿಂತು ನೋಡಿ. ಅದು ಸಾಮಿಗಳು ಒಳತೊಗಟೆಯನ್ನು ಆಹಾರಕ್ಕೆ ತೆಗೆದ ಗುರುತು. ಬೇಸಿಗೆಯ ಮೊದಲಲ್ಲಿ ರಸ ಓಡುವಾಗ ಸುಲಿದು, ಬರ್ಚ್ ತೊಗಟೆಯಲ್ಲಿ ಸುತ್ತಿ ನೆಲದ ಕುಳಿಯಲ್ಲಿ ದಿನಗಟ್ಟಲೆ ಬೇಯಿಸಿ, ಒಣಗಿಸಿ ಇಡುತ್ತಿದ್ದರು. ಅವರೂ ಒಂದು ಪಟ್ಟಿ ತೊಗಟೆ ಉಳಿಸುತ್ತಿದ್ದುದರಿಂದ ಮರ ಬದುಕಿತು, ಬೆಳವಣಿಗೆಯ ಉಂಗುರ ಎಣಿಸಿ ಸುಲಿದ ವರ್ಷವನ್ನೇ ಹೇಳಬಹುದು. ಗಾಯದೊಳಕ್ಕೆ ಚಾಕು ಹಾಕಬೇಡಿ. ಸ್ವೀಡನ್‌ನ ಕಾನೂನಿನಲ್ಲಿ 1850ಕ್ಕಿಂತ ಹಿಂದಿನ ಕುರುಹುಗಳಿಗೆ ಪುರಾತನ ಸ್ಮಾರಕದ ರಕ್ಷಣೆ ಇದೆ. ದಿಮ್ಮಿ ತೇಲಿಸಿದ ಹೆಚ್ಚಿನ ಕಟ್ಟಡಗಳು ಆ ನಂತರದವು, ಅವುಗಳಿಗೆ ರಕ್ಷಣೆ ತೆಳು. ನೆಲ ಕೆದಕುವ ಮೊದಲು ಜಿಲ್ಲಾಡಳಿತವನ್ನು ಕೇಳಿ. ಒಂದು ದಿನದ ಬಿಡುವಿದ್ದರೆ ಲಿಕ್‌ಸೆಲೆಯ ಅರಣ್ಯ ಮತ್ತು ಸಾಮಿ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ. ಫಿನ್ಲೆಂಡ್ ಕಡೆ ಹೋದರೆ ಪುಂಕಹಾರ್ಯುವಿನ ಲುಸ್ತೊ ಅರಣ್ಯ ವಸ್ತುಸಂಗ್ರಹಾಲಯವನ್ನು ತಪ್ಪಿಸಬೇಡಿ.